ಮೀಸಲು ಚಿನ್ನವೂ ವಾಯಿದೆ ಮಾರಾಟವೂ

೧

ಬತ್ತ ರಾಗಿಗಳ ಧಾರಣೆಯು ಆಯಾ ವರ್ಷದ ಬೆಳೆಯನ್ನು ಅನುಸರಿಸಿ ನಡೆಯುತ್ತದೆ. ಬೆಳೆದುದನ್ನು ಜನರು ಉಂಡು ತೀರಿಸುವುದರಿಂದ, ಹಿಂದಿನ ವರ್ಷಗಳ ಫಲವು ಈ ವರ್ಷದ ಪೇಟೆಯಲ್ಲಿ ಲೆಕ್ಕಕ್ಕೆ ಬರುವುದು ಸ್ವಲ್ಪವೇ. ಚಿನ್ನದ ಸ್ಥಿತಿಯು ಹಾಗಲ್ಲ. ಅದು ತುಕ್ಕು ಹಿಡಿಯದು, ಕೊಳೆಯದು. ಬಳಸಿದರೆ ಸವೆಯುವುದೂ ಅತ್ಯಲ್ಪ. ಮನುಷ್ಯನು ಭೂಮಿಯಿಂದ ಅಗೆದು ತೆಗೆದ ಚಿನ್ನದಲ್ಲಿ ಬಹುಭಾಗವು ಆಭರಣವಾಗಿಯೋ ಗಟ್ಟಿಯಾಗಿಯೋ ಎಲ್ಲಿಯಾದರೂ ಉಳಿದೇ ಇರುತ್ತದೆ. ಕ್ರಿ. ಶ. ೨೦೦೦ದ ಸುಮಾರಿನಲ್ಲಿ ಹೀಗೆ ಉಳಿದಿದ್ದ ಚಿನ್ನವು ಸುಮಾರು ೧,೪೦,೦೦೦ ಟನ್ನುಗಳೆಂದು ಅಂದಾಜು ಮಾಡಿದ್ದರು. ಆಗ ಜಗತ್ತಿನ ಗಣಿಗಳೆಲ್ಲವೂ ಕೂಡಿ ವರ್ಷವೊಂದಕ್ಕೆ ತೆಗೆಯುತ್ತಿದ್ದುದು ಸುಮಾರು ೨,೫೦೦ ಟನ್ನು. ಸರಕಾರಗಳ ಮತ್ತು ಕೇಂದ್ರ ಬ್ಯಾಂಕುಗಳ ವಶದಲ್ಲಿ ಮೀಸಲಾಗಿದ್ದುದು ಸುಮಾರು ೩೩,೦೦೦ ಟನ್ನು. ಎಂದರೆ, ಹದಿಮೂರು ವರ್ಷಗಳ ಕಾಲ ಗಣಿಗಳು ದುಡಿದು ಕೊಡುವಷ್ಟು.

ಇಷ್ಟು ದೊಡ್ಡ ರಾಶಿಯು ತಿಜೋರಿಗಳಲ್ಲಿ ಬಿದ್ದಿರುವಾಗ ಚಿನ್ನಕ್ಕೆ ಬೆಲೆಯು ನಿಲ್ಲುವುದಾದರೂ ಹೇಗೆ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರವು ಸುಲಭ. ಕೆರೆಯಲ್ಲಿ ನಿಂತ ನೀರು ಎಷ್ಟೇ ಇದ್ದರೂ ಗದ್ದೆಯನ್ನು ನೆನೆಸುವುದು ತೂಬಿನಿಂದ ಹೊರಬಿದ್ದ ನೀರು ಮಾತ್ರ. ಅದರಂತೆಯೇ ಮೀಸಲು ಚಿನ್ನವು ಅಲುಗದೆ ಇರುವ ತನಕ ಪೇಟೆಗೆ ಅದರ ಮುಟ್ಟುವಿಕೆಯಿಲ್ಲ. ಅದು ಅಲುಗಿದಾಗ, ಅಥವಾ ಅಲುಗುವುದೆಂದು ಜನರು ನಂಬಿದಾಗ, ಬೆಲೆಯು ಚಲಿಸುತ್ತದೆ. ಆದುದರಿಂದ ವಿಚಾರಿಸತಕ್ಕದ್ದು ಮೀಸಲಿನ ಪ್ರಮಾಣವನ್ನಲ್ಲ, ಅದು ಹೊರಕ್ಕೆ ಬರುವ ದಾರಿಗಳನ್ನು. ಈ ದಾರಿಗಳು ಮೂರು: ಒಂದು, ನೇರವಾದ ಮಾರಾಟ, ಎರಡು, ಮಾರುವೆವೆಂಬ ಪ್ರಕಟನೆ, ಮೂರು, ಎರವಲು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ಮೂರನೆಯದು ಗುಪ್ತಗಾಮಿನಿ, ಗಣಿಗಳವರು ಮಾಡುವ ವಾಯಿದೆ ಮಾರಾಟಕ್ಕೆ ಅದೇ ತಳಹದಿ. ೧೯೯೦ರಿಂದ ಈಚೆಗಿನ ಚಿನ್ನದ ಇತಿಹಾಸವನ್ನು ತಿಳಿಯಬೇಕಾದರೆ ಈ ಮೂರನೆಯ ದಾರಿಯನ್ನು ಚೆನ್ನಾಗಿ ಅರಿತಿರಬೇಕು.

೨

ಚಿನ್ನಕ್ಕೆ ಪೇಟೆಯ ಬೆಲೆಯೆಂಬುದು ಬಂದದ್ದು ಈಚೆಗೆ. ಅಮೆರಿಕದ ಸರಕಾರವು ೧೯೩೪ರಲ್ಲಿ ಔನ್ಸೊಂದಕ್ಕೆ ೩೫ ಡಾಲರುಗಳೆಂದು ದರವನ್ನು ಕಟ್ಟಿತು. ಈ ಔನ್ಸು ಚಿನಿವಾರ ಪೇಟೆಯ ಟ್ರಾಯ್ ಔನ್ಸು, ಸುಮಾರು ೩೧.೧ ಗ್ರಾಮು, ಟನ್ನೊಂದಕ್ಕೆ ೩೨,೧೫೦ ಔನ್ಸುಗಳಾಗುತ್ತವೆ. ೧೯೪೪ರ ಬ್ರೆಟನ್ ವುಡ್ಸ್ ಒಪ್ಪಂದವು ಇದೇ ದರವನ್ನು ಜಗತ್ತಿನ ನಾಣ್ಯಗಳಿಗೆಲ್ಲ ಆಧಾರವನ್ನಾಗಿ ಮಾಡಿತು. ದರವನ್ನು ಕಾಯುವುದಕ್ಕಾಗಿ ೧೯೬೧ರಿಂದ ೧೯೬೮ರ ವರೆಗೆ ಕೆಲವು ಕೇಂದ್ರ ಬ್ಯಾಂಕುಗಳು ಒಟ್ಟುಗೂಡಿ ಲಂಡನಿನ ಪೇಟೆಯಲ್ಲಿ ತಮ್ಮ ಚಿನ್ನವನ್ನು ಮಾರಿದುವು. ಕೊಳ್ಳುವವರ ಒತ್ತಾಯವು ಮಿತಿಮೀರಿದುದರಿಂದ ೧೯೬೮ರ ಮಾರ್ಚಿಯಲ್ಲಿ ಆ ಕೂಟವು ಮುರಿಯಿತು. ೧೯೭೧ರ ಆಗಸ್ಟ್ ೧೫ರಂದು, ಡಾಲರನ್ನು ಕೊಟ್ಟವರಿಗೆ ಚಿನ್ನವನ್ನು ಕೊಡುವ ಪದ್ಧತಿಯನ್ನು ಅಧ್ಯಕ್ಷ ನಿಕ್ಸನ್ ಅವರು ನಿಲ್ಲಿಸಿದರು. ಅಂದಿನಿಂದ ಚಿನ್ನವು ಇತರ ಸರಕುಗಳಂತೆ ಪೇಟೆಗೆ ಅಧೀನವಾಯಿತು; ಆದರೆ ಹಳೆಯ ಪದ್ಧತಿಯ ಕಾಲದಲ್ಲಿ ಕೂಡಿಟ್ಟ ರಾಶಿಯು ಕೇಂದ್ರ ಬ್ಯಾಂಕುಗಳ ಕೈಯಲ್ಲಿಯೇ ಉಳಿಯಿತು.

ಮಾರಾಟವಾದಾಗಲೆಲ್ಲ ಬೆಲೆಯು ಕುಸಿಯಲೇಬೇಕೆಂಬ ನಿಯಮವೇನೂ ಇಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯು ೧೯೭೬ರಿಂದ ೧೯೮೦ರ ವರೆಗೆ ಎರಡೂವರೆ ಕೋಟಿ ಔನ್ಸುಗಳಷ್ಟು ಚಿನ್ನವನ್ನು ಹರಾಜಿನಲ್ಲಿ ಮಾರಿತು. ಮೊದಲನೆಯ ಹರಾಜಿನಲ್ಲಿ ಔನ್ಸಿಗೆ ದೊರೆತುದು ಸುಮಾರು ೧೨೬ ಡಾಲರು. ಆದರೂ ೧೯೮೦ರ ಜನವರಿ ೨೧ರಂದು ಲಂಡನಿನಲ್ಲಿ ಬೆಲೆಯು ೮೫೦ ಡಾಲರುಗಳನ್ನು ಮುಟ್ಟಿತು. ಪದಾರ್ಥಗಳ ಬೆಲೆ ಏರುತ್ತಿದ್ದ, ಕಾಗದದ ನಾಣ್ಯದಲ್ಲಿ ನಂಬಿಕೆ ಕುಂದಿದ್ದ ಆ ದಿನಗಳಲ್ಲಿ ಹರಾಜಿಗೆ ಬಂದುದನ್ನೆಲ್ಲ ಪೇಟೆಯು ನುಂಗಿಕೊಂಡಿತು. ಕೊಳ್ಳುವವರ ಮನಸ್ಸು ಹೇಗಿದೆಯೆಂಬುದನ್ನು ಬಿಟ್ಟು, ಮಾರಿದ ತೂಕವನ್ನು ಮಾತ್ರ ಹಿಡಿದು ಬೆಲೆಯನ್ನು ನಿರ್ಣಯಿಸಲಾಗದೆಂಬುದಕ್ಕೆ ಇದೇ ನಿದರ್ಶನ.

೩

ಇನ್ನು ವಾಯಿದೆ ಮಾರಾಟದ ಕ್ರಮವನ್ನು ನೋಡೋಣ. ಪೈರು ಹೊಲದಲ್ಲಿರುವಾಗಲೇ ಸುಗ್ಗಿಯ ಧಾರಣೆಯನ್ನು ಗೊತ್ತುಮಾಡಿಕೊಳ್ಳುವ ರೈತನಂತೆ, ಗಣಿಯ ಒಡೆಯನು ಮುಂದಿನ ವರ್ಷ ತೆಗೆಯಲಿರುವ ಚಿನ್ನಕ್ಕೆ ಇಂದೇ ಬೆಲೆಯನ್ನು ನಿಶ್ಚಯಿಸಿಕೊಳ್ಳಲು ಬಯಸುತ್ತಾನೆಂದು ಇಟ್ಟುಕೊಳ್ಳೋಣ. ಇಂದಿನ ಬೆಲೆಯು ಔನ್ಸಿಗೆ ೩೦೦ ಡಾಲರು. ಅವನು ಚಿನ್ನದ ವ್ಯವಹಾರ ನಡೆಸುವ ಒಂದು ಬ್ಯಾಂಕಿನ ಬಳಿಗೆ ಹೋಗುತ್ತಾನೆ. ಒಂದು ವರ್ಷದ ಮೇಲೆ ಆ ಚಿನ್ನವನ್ನು ಗೊತ್ತಾದ ಬೆಲೆಗೆ ಕೊಳ್ಳುವೆನೆಂದು ಬ್ಯಾಂಕು ಮಾತು ಕೊಡುತ್ತದೆ. ಆದರೆ ಅಷ್ಟರಲ್ಲಿ ಬೆಲೆ ಇಳಿದರೆ ನಷ್ಟವು ಬ್ಯಾಂಕಿನದಾಗುತ್ತದೆ. ಆ ಭಯವನ್ನು ಕಳೆದುಕೊಳ್ಳುವುದಕ್ಕೆ ಅದು ಅಷ್ಟೇ ತೂಕದ ಚಿನ್ನವನ್ನು ಇಂದೇ ಮಾರಿಬಿಡಬೇಕು. ತನ್ನಲ್ಲಿ ಇಲ್ಲದ ಚಿನ್ನವನ್ನು ಎಲ್ಲಿಂದ ತರುವುದು? ಕೇಂದ್ರ ಬ್ಯಾಂಕಿನಿಂದ ಎರವಲಾಗಿ.

ಎರವಲಿನ ಬಡ್ಡಿಯು ವರ್ಷಕ್ಕೆ ಶೇಕಡ ೧ ಎಂದೂ, ಹಣದ ಬಡ್ಡಿಯು ಶೇಕಡ ೫ ಎಂದೂ ಇರಲಿ. ಬ್ಯಾಂಕು ಒಂದು ಔನ್ಸನ್ನು ಎರವಲು ತಂದು ೩೦೦ ಡಾಲರುಗಳಿಗೆ ಮಾರಿ, ಆ ಹಣವನ್ನು ಬಡ್ಡಿಗೆ ಹಾಕುತ್ತದೆ. ವರ್ಷದ ಕೊನೆಗೆ ಕೈಯಲ್ಲಿ ೩೧೫ ಡಾಲರುಗಳಾಗುತ್ತವೆ. ಎರವಲಿನ ಬಡ್ಡಿ ೩ ಡಾಲರುಗಳನ್ನು ಕಳೆದರೆ ಉಳಿಯುವುದು ೩೧೨. ಇದರಲ್ಲಿ ಬ್ಯಾಂಕು ತನ್ನ ಶ್ರಮಕ್ಕೆಂದು ಅಷ್ಟಿಷ್ಟು ಹಿಡಿದುಕೊಂಡು ಮಿಕ್ಕುದನ್ನು ಗಣಿಯವನಿಗೆ ಕೊಟ್ಟು ಅವನ ಚಿನ್ನವನ್ನು ಪಡೆಯುತ್ತದೆ. ಆ ಚಿನ್ನದಿಂದ ಕೇಂದ್ರ ಬ್ಯಾಂಕಿನ ಎರವಲು ತೀರುತ್ತದೆ. ಗಣಿಯವನಿಗೆ ಇಂದಿನ ಬೆಲೆಗಿಂತ ಹೆಚ್ಚಾದ ಬೆಲೆಯು ನಿಶ್ಚಿತವಾಗಿ ಸಿಕ್ಕಿತು. ಸುಮ್ಮನೆ ಬಿದ್ದಿದ್ದ ಲೋಹಕ್ಕೆ ಕೇಂದ್ರ ಬ್ಯಾಂಕು ಅಲ್ಪವಾದರೂ ಬಡ್ಡಿಯನ್ನು ಕಂಡಿತು. ನಡುವಣ ಬ್ಯಾಂಕಿಗೂ ಲಾಭವಾಯಿತು.

ಎಲ್ಲರಿಗೂ ಹಿತವಾದ ಈ ವ್ಯವಹಾರದಲ್ಲಿ ಪೇಟೆಗೆ ಆದುದೇನು? ಇನ್ನೂ ಬಂಡೆಯೊಳಗೇ ಇರುವ, ಮುಂದಿನ ವರ್ಷ ಬರಬೇಕಾಗಿದ್ದ ಒಂದು ಔನ್ಸಿನ ಬದಲಿಗೆ ತಿಜೋರಿಯ ಒಂದು ಔನ್ಸು ಇಂದೇ ಬಂದು ಮಾರಾಟವಾಯಿತು. ಆ ವರ್ಷದ ಸರಬರಾಜು ಅಷ್ಟರ ಮಟ್ಟಿಗೆ ಹೆಚ್ಚಿತು. ಆದರೆ ಮುಂದಿನ ವರ್ಷ ಗಣಿಯ ಚಿನ್ನವು ಪೇಟೆಗೆ ಬಾರದೆ ಎರವಲು ತೀರಿಸಲು ಹೋಗುತ್ತದೆ. ಆಗ ಸರಬರಾಜು ಅಷ್ಟೇ ಕಡಮೆಯಾಗಬೇಕು. ಆಗಲೂ ಕಡಮೆಯಾಗದೆ ಇರಬೇಕಾದರೆ ಹೊಸ ವಾಯಿದೆಯೊಂದು ಹಳೆಯದರ ಸ್ಥಾನಕ್ಕೆ ಬರಬೇಕು. ಆದಕಾರಣ ವಾಯಿದೆಯ ಬಾಕಿಯು ಬೆಳೆಯುತ್ತಿರುವಾಗ ಬೆಲೆಯು ಕೆಳಕ್ಕೆ ಒತ್ತಲ್ಪಡುತ್ತದೆ. ಬಾಕಿಯು ಸ್ಥಿರವಾಗಿ ನಿಂತರೆ ಒತ್ತಡವಿಲ್ಲ. ಬಾಕಿಯು ಕರಗಿದಾಗ ಬೆಲೆಯು ಮೇಲಕ್ಕೆ ಎತ್ತಲ್ಪಡುತ್ತದೆ. ಮೀಸಲು ಚಿನ್ನದ ವಿಷಯದಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ರಾಶಿಯ ಗಾತ್ರಕ್ಕಿಂತ ಅದರ ಹೆಚ್ಚುಕಡಮೆಯೇ ಪ್ರಧಾನ.

ಮತ್ತೊಂದು ಸಂಗತಿಯನ್ನೂ ಇಲ್ಲಿ ಗಮನಿಸಬೇಕು. ಎರವಲು ಕೊಟ್ಟ ಚಿನ್ನವನ್ನು ಕೇಂದ್ರ ಬ್ಯಾಂಕುಗಳು ತಮ್ಮ ಲೆಕ್ಕದಿಂದ ತೆಗೆಯುತ್ತಿರಲಿಲ್ಲ. ಕೈಯಲ್ಲಿರುವ ಚಿನ್ನ, ಬರಬೇಕಾದ ಚಿನ್ನ ಎರಡನ್ನೂ ಒಂದೇ ಬಾಬಿನಲ್ಲಿ ಬರೆದುಕೊಳ್ಳುವುದು ಅನೇಕ ಬ್ಯಾಂಕುಗಳ ವಾಡಿಕೆಯಾಗಿತ್ತು. ಆದರೆ ಮಾರಿದ ಗಟ್ಟಿಯು ಕರಗಿ ಒಡವೆಯಾಗಿ ಹೋಗಿರುತ್ತಿತ್ತು. ನಮ್ಮ ದೇಶದಲ್ಲಿ ೧೯೯೦ರಲ್ಲಿ ಚಿನ್ನ ನಿಯಂತ್ರಣ ಶಾಸನವು ರದ್ದಾಗಿ, ೧೯೯೭ರಲ್ಲಿ ಬ್ಯಾಂಕುಗಳಿಗೆ ಆಮದಿನ ಅನುಮತಿಯು ದೊರೆತ ಮೇಲೆ, ಆ ಕಾಲದ ಅಗ್ಗದ ಚಿನ್ನಕ್ಕೆ ಭಾರತವೇ ಅತಿ ದೊಡ್ಡ ಗಿರಾಕಿಯಾಯಿತು. ಒಂದೇ ಚಿನ್ನವು ಯೂರೋಪಿನ ಬ್ಯಾಂಕಿನ ಲೆಕ್ಕದಲ್ಲಿಯೂ ಇತ್ತು, ಇಲ್ಲಿಯ ಮದುವಣಗಿತ್ತಿಯ ಕೊರಳಿನಲ್ಲಿಯೂ ಇತ್ತು ಎಂದರೆ ಅತಿಶಯೋಕ್ತಿಯಾಗದು.

೪

೧೯೯೦ರ ದಶಕದಲ್ಲಿ ಈ ಪದ್ಧತಿಯು ಹಬ್ಬಿತು. ಹಣದ ಬಡ್ಡಿಯು ಹೆಚ್ಚಾಗಿಯೂ ಎರವಲಿನ ಬಡ್ಡಿಯು ಕಡಮೆಯಾಗಿಯೂ ಇದ್ದುದರಿಂದ, ಎರಡರ ಅಂತರವು ಗಣಿಗಳವರಿಗೆ ಆಕರ್ಷಕವಾಗಿತ್ತು. ಬೆಲೆಯು ಇಳಿಮುಖವಾಗಿದ್ದುದು ಮತ್ತೊಂದು ಕಾರಣ: ನಾಳೆ ಇನ್ನೂ ಇಳಿಯುವುದೆಂಬ ಅಂಜಿಕೆಯಿಂದ ಇಂದೇ ಮಾರುವರು, ಹಾಗೆ ಮಾರಿದುದರಿಂದಲೇ ಬೆಲೆಯು ಇಳಿಯುವುದು. ಆ ದಶಕದ ಕೊನೆಗೆ ಗಣಿಗಳ ವಾಯಿದೆಯ ಬಾಕಿಯು ಸುಮಾರು ೩,೦೦೦ ಟನ್ನುಗಳಿಗೆ ಮುಟ್ಟಿತ್ತು. ಕೋಲಾರದ ಗಣಿಗಳ ಆಳವನ್ನೂ ಖ್ಯಾತಿಯನ್ನೂ ಬಲ್ಲ ನಮಗೆ ಈ ಅಂಕಿಯ ಭಾರವು ಬೇಗ ತಿಳಿದೀತು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಕೆಲಸಕ್ಕೆ ಕೈಯಿಟ್ಟಂದಿನಿಂದ ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚುವ ವರೆಗೆ, ಮೂರು ಸಾವಿರ ಮೀಟರುಗಳಿಗೂ ಕೆಳಗಿಳಿದು ತಲೆತಲಾಂತರವಾಗಿ ಜನರು ಬೆವರು ಸುರಿಸಿ ತೆಗೆದುದೆಲ್ಲ ಸುಮಾರು ೮೦೦ ಟನ್ನು. ಇನ್ನೂ ತೆಗೆಯದ ಚಿನ್ನದ ಹೆಸರಿನಲ್ಲಿ ಆಗಲೇ ಮಾರಿಹೋಗಿದ್ದುದು ಅದರ ಮೂರೂಮುಕ್ಕಾಲು ಪಾಲು. ಕೋಲಾರದ ಗಣಿಗಳು ಮುಚ್ಚುವುದಕ್ಕೆ ಅದುರಿನ ಸತ್ವ ಕುಂದಿದುದೂ ಆಳದ ವೆಚ್ಚ ಏರಿದುದೂ ಮುಖ್ಯ ಕಾರಣಗಳು. ಆದರೂ ಅವು ಮುಚ್ಚಿದುದು ಜಗತ್ತಿನ ಬೆಲೆಯು ಇಪ್ಪತ್ತು ವರ್ಷಗಳ ತಗ್ಗಿನ ಸಮೀಪದಲ್ಲಿದ್ದಾಗ ಎಂಬುದನ್ನು ಮರೆಯಲಾಗದು.

ಬೆಲೆ ಇಳಿದುದಕ್ಕೆಲ್ಲ ವಾಯಿದೆ ಮಾರಾಟವೊಂದೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಡಾಲರು ಬಲವಾಗಿತ್ತು, ಪದಾರ್ಥಗಳ ಬೆಲೆ ಶಾಂತವಾಗಿತ್ತು, ಅಮೆರಿಕದ ಷೇರು ಪೇಟೆಯು ಏಳಿಗೆಯಲ್ಲಿತ್ತು. ಬಡ್ಡಿಯನ್ನು ಕೊಡದ ಚಿನ್ನವನ್ನು ಆಗ ಕೇಳುವವರು ಕಡಮೆ. ವಿಶೇಷವೇನೆಂದರೆ, ಹೆಚ್ಚಿನ ಬಡ್ಡಿಯು ಎರಡು ಬಗೆಯಾಗಿ ಕೆಲಸಮಾಡುತ್ತಿತ್ತು: ಕೊಳ್ಳುವವರನ್ನು ಚಿನ್ನದಿಂದ ದೂರ ಮಾಡುತ್ತಿತ್ತು, ಗಣಿಯವರನ್ನು ವಾಯಿದೆಯ ಕಡೆಗೆ ಎಳೆಯುತ್ತಿತ್ತು.

೫

ಇದರ ಮೇಲೆ ಪ್ರಕಟನೆಗಳ ಭಾರವೂ ಕೂಡಿತು. ಆಸ್ಟ್ರೇಲಿಯದ ಕೇಂದ್ರ ಬ್ಯಾಂಕು ೧೬೭ ಟನ್ನುಗಳನ್ನು ಮೊದಲು ಸದ್ದಿಲ್ಲದೆ ಮಾರಿ, ೧೯೯೭ರ ಜುಲೈ ೩ರಂದು ಸುದ್ದಿಯನ್ನು ಹೊರಗೆಡಹಿತು. ಮಾರಾಟವು ಆಗಲೇ ಮುಗಿದುಹೋಗಿದ್ದರೂ ಬೆಲೆಯು ಕೂಡಲೆ ಇಳಿಯಿತು. ಉಳಿದ ಬ್ಯಾಂಕುಗಳೂ ಇದೇ ದಾರಿಯನ್ನು ಹಿಡಿಯುವುವೆಂದು ಪೇಟೆಯು ಊಹಿಸಿತು. ಬ್ರಿಟಿಷ್ ಸರಕಾರವು ಇದಕ್ಕೆ ವಿಪರೀತವಾದ ಕ್ರಮವನ್ನು ಅನುಸರಿಸಿತು. ೧೯೯೯ರ ಮೇ ೭ರಂದು, ತನ್ನಲ್ಲಿದ್ದ ೭೧೫ ಟನ್ನುಗಳಲ್ಲಿ ೪೧೫ ಟನ್ನುಗಳನ್ನು ಹಲವು ಹರಾಜುಗಳಲ್ಲಿ ಮಾರುವುದಾಗಿ ಅದು ಮುಂದಾಗಿಯೇ ಸಾರಿತು. ಸಾರಿದಂದು ಬೆಲೆಯು ಸುಮಾರು ೨೮೨ ಡಾಲರು; ಜುಲೈ ೬ರ ಮೊದಲನೆಯ ಹರಾಜಿನಲ್ಲಿ ದೊರೆತುದು ೨೬೧ ಡಾಲರು; ಅದೇ ತಿಂಗಳಿನಲ್ಲಿ ಬೆಲೆಯು ೨೫೩ರ ಸಮೀಪಕ್ಕೆ ಇಳಿಯಿತು. ಇಂಥ ದಿನ ಇಷ್ಟು ಸರಕು ಬರುವುದೆಂದು ತಿಳಿದ ಮೇಲೆ ಕೊಳ್ಳುವವನು ಕಾದು ಕುಳಿತುಕೊಳ್ಳುತ್ತಾನೆ, ಮಾರುವವನು ಅವಸರಪಡುತ್ತಾನೆ. ೨೦೦೨ರ ಮಾರ್ಚಿಯ ವರೆಗೆ ಹದಿನೇಳು ಹರಾಜುಗಳಲ್ಲಿ ಸುಮಾರು ೩೯೫ ಟನ್ನುಗಳು ಮಾರಿದುವು. ಸರಾಸರಿ ಬೆಲೆಯು ಔನ್ಸಿಗೆ ಸುಮಾರು ೨೭೫ ಡಾಲರು.

ಈ ಇಳಿತದ ಪೆಟ್ಟು ಬಿದ್ದುದು ಯಾರಿಗೆ? ಅದೇ ವರ್ಷ, ಬಡ ದೇಶಗಳ ಸಾಲದ ಹೊರೆಯನ್ನು ಇಳಿಸುವುದಕ್ಕಾಗಿ ಹಣಕಾಸು ನಿಧಿಯ ಚಿನ್ನದಲ್ಲಿ ಒಂದು ಭಾಗವನ್ನು ಮಾರಬೇಕೆಂಬ ಸಲಹೆಯು ಬಂದಿತ್ತು. ಉದ್ದೇಶವು ಒಳ್ಳೆಯದೇ. ಆದರೆ ನೆರವು ಸಲ್ಲಬೇಕಾಗಿದ್ದ ಆಫ್ರಿಕದ ದೇಶಗಳಲ್ಲಿ ಹಲವಕ್ಕೆ ಚಿನ್ನವೇ ಮುಖ್ಯವಾದ ರಫ್ತು. ಸಾಲದಲ್ಲಿ ಸಿಕ್ಕುವ ವಿನಾಯಿತಿಯನ್ನು ಬೆಲೆಯ ಇಳಿತವೇ ನುಂಗುವ ಸಂಭವವಿತ್ತು. ದಕ್ಷಿಣ ಆಫ್ರಿಕದ ಗಣಿ ಕಾರ್ಮಿಕರೂ ಗಣಿಗಳುಳ್ಳ ದೇಶಗಳ ಸರಕಾರಗಳೂ ಪ್ರತಿಭಟಿಸಿದರು. ಕೊನೆಗೆ ನಿಧಿಯು ಒಂದು ಉಪಾಯವನ್ನು ಮಾಡಿತು. ೧೯೯೯ರ ಡಿಸೆಂಬರಿನಿಂದ ೨೦೦೦ದ ಏಪ್ರಿಲಿನ ವರೆಗೆ, ಒಂದು ಕೋಟಿ ಇಪ್ಪತ್ತೊಂಬತ್ತು ಲಕ್ಷ ಔನ್ಸುಗಳನ್ನು ಬ್ರೆಜಿಲ್ ಮತ್ತು ಮೆಕ್ಸಿಕೊ ದೇಶಗಳಿಗೆ ಪೇಟೆಯ ದರದಲ್ಲಿ ಮಾರಿ, ಅವು ತನಗೆ ಕೊಡಬೇಕಾಗಿದ್ದ ಸಾಲದ ಕಂತಿಗೆ ಅದೇ ಚಿನ್ನವನ್ನು ಮರಳಿ ಪಡೆಯಿತು. ಹಳೆಯ ಅಗ್ಗದ ದರದಲ್ಲಿ ಬರೆದಿಟ್ಟಿದ್ದ ಚಿನ್ನದ ಬೆಲೆಯು ಲೆಕ್ಕದಲ್ಲಿ ಏರಿ, ಆ ಹೆಚ್ಚಳವು ಸಾಲಪರಿಹಾರಕ್ಕೆ ಒದಗಿತು. ಒಂದು ಗಟ್ಟಿಯೂ ಪೇಟೆಯನ್ನು ಮೆಟ್ಟಲಿಲ್ಲ.

೬

ಅಷ್ಟರಲ್ಲಿ, ೧೯೯೯ರ ಸೆಪ್ಟೆಂಬರ್ ೨೬ರಂದು, ಯೂರೋಪಿನ ಹದಿನೈದು ಕೇಂದ್ರ ಬ್ಯಾಂಕುಗಳು ವಾಷಿಂಗ್ಟನ್ನಿನಲ್ಲಿ ಒಂದು ಕಟ್ಟಲೆಯನ್ನು ಮಾಡಿಕೊಂಡುವು. ಆಗಲೇ ನಿಶ್ಚಯವಾಗಿದ್ದ ಮಾರಾಟಗಳನ್ನು ಬಿಟ್ಟು ಬೇರೆ ಮಾರಾಟವಿಲ್ಲ. ಅವೂ ವರ್ಷಕ್ಕೆ ಸುಮಾರು ೪೦೦ ಟನ್ನುಗಳಂತೆ ಐದು ವರ್ಷಗಳಲ್ಲಿ ೨,೦೦೦ ಟನ್ನುಗಳನ್ನು ಮೀರಕೂಡದು. ಎರವಲು ಕೊಡುವುದನ್ನು ಆಗ ಇದ್ದ ಮಿತಿಗಿಂತ ಹೆಚ್ಚಿಸಕೂಡದು. ಮಾರಾಟದ ಮಿತಿಗಿಂತಲೂ ಎರವಲಿನ ಮಿತಿಯೇ ಪೇಟೆಗೆ ತೀಕ್ಷ್ಣವಾಗಿ ತಗುಲಿತು. ಎರವಲು ತಂದು ಮಾರಿದ್ದವರು ಚಿನ್ನವನ್ನು ಹಿಂದಿರುಗಿಸುವುದಕ್ಕಾಗಿ ಕೊಳ್ಳಲು ಧಾವಿಸಿದರು. ಎರವಲಿನ ಬಡ್ಡಿಯು ಕೆಲವು ದಿನ ಹಲವು ಮಡಿಯಾಯಿತು. ೨೬೮ರ ಸುಮಾರಿನಲ್ಲಿದ್ದ ಬೆಲೆಯು ಹತ್ತು ದಿನಗಳೊಳಗಾಗಿ ೩೨೫ ಡಾಲರುಗಳಿಗೆ ಹಾರಿತು.

ಚಿನ್ನದ ಬೆಲೆ ಏರಿದರೆ ಗಣಿಗಳವರು ಹಿಗ್ಗಬೇಕಷ್ಟೆ. ಆದರೆ ಹಿಂದೆ ಗೋಲ್ಡ್ ಕೋಸ್ಟ್ ಎಂದೇ ಹೆಸರಾಗಿದ್ದ ಘಾನ ದೇಶದ ಅಷಾಂಟಿ ಗೋಲ್ಡ್‌ಫೀಲ್ಡ್ಸ್ ಕಂಪೆನಿಯು ಅದೇ ಏರಿಕೆಯಿಂದ ದಿವಾಳಿಯ ಅಂಚಿಗೆ ಬಂದಿತು. ಘಾನ ಸರಕಾರವೂ ಪಾಲುಗೊಂಡಿದ್ದ ಈ ಕಂಪೆನಿಯು ಸುಮಾರು ಒಂದು ಕೋಟಿ ಔನ್ಸುಗಳ ಮಟ್ಟಿಗೆ ವಾಯಿದೆಗಳಿಗೂ ಅವಕ್ಕಿಂತ ತೊಡಕಾದ ಕರಾರುಗಳಿಗೂ ಕಟ್ಟುಬಿದ್ದಿತ್ತು. ಬೆಲೆ ಹಾರಿದೊಡನೆ ಆ ಕರಾರುಗಳ ಮೇಲಿನ ನಷ್ಟವು ಐವತ್ತು ಕೋಟಿ ಡಾಲರುಗಳನ್ನು ಮೀರಿತು. ಅದರ ಕಡೆಯ ಬ್ಯಾಂಕುಗಳು ಸುಮಾರು ೨೭ ಕೋಟಿ ಡಾಲರುಗಳನ್ನು ಒಡನೆಯೇ ಈಡಾಗಿ ಇಡಬೇಕೆಂದು ಕೇಳಿದುವು. ಕಂಪೆನಿಗೆ ಚಿನ್ನವಿಲ್ಲದಿರಲಿಲ್ಲ, ಆದರೆ ಅದು ಒಬುವಾಸಿಯ ನೆಲದೊಳಗಿತ್ತು. ನೆಲದೊಳಗಿನ ಅದುರನ್ನು ನಾಳೆಯ ಬೆಳಗ್ಗೆ ಈಡಾಗಿ ಕೊಡುವುದು ಹೇಗೆ? ೧೯೯೯ರ ನವೆಂಬರಿನಲ್ಲಿ, ಮೂರು ವರ್ಷಗಳ ಕಾಲ ಈಡನ್ನು ಕೇಳದಿರಲು ಬ್ಯಾಂಕುಗಳು ಒಪ್ಪಿದುವು. ಅದಕ್ಕೆ ಪ್ರತಿಯಾಗಿ ಕಂಪೆನಿಯಲ್ಲಿ ಶೇಕಡ ೧೫ರಷ್ಟು ಪಾಲನ್ನು ಕೊಳ್ಳುವ ಹಕ್ಕನ್ನು ಪಡೆದುವು. ೨೦೦೪ರಲ್ಲಿ ಆ ಕಂಪೆನಿಯು ದಕ್ಷಿಣ ಆಫ್ರಿಕದ ಆಂಗ್ಲೋಗೋಲ್ಡ್ ಕಂಪೆನಿಯೊಡನೆ ಸೇರಿಹೋಯಿತು. ಇಳಿತದಿಂದ ರಕ್ಷಣೆಗೆಂದು ಹಿಡಿದ ಛತ್ರಿಯೇ ಏರಿಕೆಯ ಗಾಳಿಯಲ್ಲಿ ಹಿಡಿದವನನ್ನು ಕೆಡವಿತು.

೭

೨೦೦೧ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕು ತನ್ನ ಬಡ್ಡಿಯನ್ನು ಶೇಕಡ ೬.೫ರಿಂದ ೧.೭೫ಕ್ಕೆ ಇಳಿಸಿತು. ಹಣದ ಬಡ್ಡಿಗೂ ಎರವಲಿನ ಬಡ್ಡಿಗೂ ಅಂತರವೇ ಅಳಿದಾಗ ವಾಯಿದೆಯಲ್ಲಿ ರುಚಿಯೂ ಅಳಿಯಿತು. ಗಣಿಗಳು ಹೊಸ ವಾಯಿದೆಗಳನ್ನು ಮಾಡದೆ, ಹಳೆಯವನ್ನು ತಮ್ಮ ಉತ್ಪತ್ತಿಯಿಂದಲೋ ಪೇಟೆಯಲ್ಲಿ ಕೊಂಡ ಚಿನ್ನದಿಂದಲೋ ತೀರಿಸತೊಡಗಿದುವು. ಮುಂದಣ ಹತ್ತು ವರ್ಷಗಳಲ್ಲಿ, ಕೆಲವು ವರ್ಷಗಳಂತೂ ಹೀಗೆ ತೀರಿದುದು ೪೦೦ ಟನ್ನುಗಳಷ್ಟು. ವಾಷಿಂಗ್ಟನ್ ಕಟ್ಟಲೆಯ ಪ್ರಕಾರ ಯೂರೋಪು ಮಾರುತ್ತಿದ್ದಷ್ಟನ್ನು ಅಂಥ ವರ್ಷಗಳಲ್ಲಿ ಗಣಿಗಳ ಸಾಲಪರಿಹಾರವೇ ಹೀರಿಕೊಂಡಿತೆನ್ನಬಹುದು. ಈ ವ್ಯವಹಾರದಲ್ಲಿ ಅತಿ ಪ್ರಸಿದ್ಧವಾಗಿದ್ದ ಕೆನಡದ ಬ್ಯಾರಿಕ್ ಕಂಪೆನಿಯು ೨೦೦೯ರಲ್ಲಿ ಹೊಸ ಷೇರುಗಳನ್ನು ಮಾರಿ ಹಣ ಕೂಡಿಸಿ ತನ್ನ ವಾಯಿದೆಗಳಿಂದ ಬಿಡಿಸಿಕೊಂಡಿತು; ಅದಕ್ಕಾಗಿ ಲೆಕ್ಕದಲ್ಲಿ ತೋರಿಸಿದ ನಷ್ಟವು ಸುಮಾರು ೫೭೦ ಕೋಟಿ ಡಾಲರು. ೧೯೯೦ರ ದಶಕದಲ್ಲಿ ಬೆಲೆಯಿಂದ ಕಡ ತಂದುದನ್ನು ಮುಂದಿನ ದಶಕವು ಹೀಗೆ ಬಡ್ಡಿ ಸಹಿತ ತೀರಿಸಿತು.

ಭಾರತದ ಅನುಭವವೂ ಈ ತತ್ವವನ್ನು ಸ್ಪಷ್ಟಪಡಿಸುತ್ತದೆ. ೧೯೯೧ರ ಸಂಕಟಕಾಲದಲ್ಲಿ, ಸ್ಟೇಟ್ ಬ್ಯಾಂಕಿನ ಮೂಲಕ ೨೦ ಟನ್ನುಗಳನ್ನು ಮರಳಿ ಕೊಳ್ಳುವ ಹಕ್ಕಿನೊಡನೆ ಮಾರಿದ ಮೇಲೆ, ರಿಸರ್ವ್ ಬ್ಯಾಂಕು ಸುಮಾರು ೪೭ ಟನ್ನುಗಳನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಲ್ಲಿ ಅಡವಿಟ್ಟು ಸುಮಾರು ೪೦ ಕೋಟಿ ಡಾಲರುಗಳನ್ನು ಪಡೆಯಿತು. ಮೀಸಲು ಚಿನ್ನವು ಕಷ್ಟಕಾಲದಲ್ಲಿ ಮಾರದೆಯೂ ಉಪಯೋಗಕ್ಕೆ ಬರುವುದೆಂಬುದನ್ನು ದೇಶವು ಆಗ ಕಂಡಿತು. ೨೦೦೯ರ ನವೆಂಬರಿನಲ್ಲಿ ಅದೇ ರಿಸರ್ವ್ ಬ್ಯಾಂಕು ಹಣಕಾಸು ನಿಧಿಯಿಂದ ೨೦೦ ಟನ್ನುಗಳನ್ನು ೬೭೦ ಕೋಟಿ ಡಾಲರುಗಳಿಗೆ ಕೊಂಡಿತು. ನಿಧಿಯು ಮಾರುವುದೆಂಬ ಸುದ್ದಿಯಿಂದ ಅಂಜಿದ್ದ ಪೇಟೆಯು, ಕೊಂಡವರು ಯಾರೆಂದು ತಿಳಿದೊಡನೆ ಏರಿತು. ಚಿನ್ನವು ಒಂದು ತಿಜೋರಿಯಿಂದ ಇನ್ನೊಂದಕ್ಕೆ ಹೋಯಿತೇ ವಿನಾ ಪೇಟೆಗೆ ಬರಲಿಲ್ಲ. ಮೇಲಾಗಿ ದೊಡ್ಡ ದೇಶವೊಂದು ಮೀಸಲನ್ನು ಹೆಚ್ಚಿಸಿಕೊಳ್ಳಲು ಬಯಸುತ್ತದೆಂಬುದು ಲೋಕಕ್ಕೆ ತಿಳಿಯಿತು.

೨೦೧೦ರಿಂದ ಕೇಂದ್ರ ಬ್ಯಾಂಕುಗಳು ಒಟ್ಟಿನಲ್ಲಿ ಮಾರುವವರಾಗಿರದೆ ಕೊಳ್ಳುವವರಾದರು. ೨೦೨೨ರಲ್ಲಿ ರಷ್ಯದ ವಿದೇಶೀ ಮೀಸಲು ಹಣವನ್ನು ಪಾಶ್ಚಾತ್ಯ ಸರಕಾರಗಳು ತಡೆಹಿಡಿದ ಮೇಲೆ ಈ ಪ್ರವೃತ್ತಿಯು ಇನ್ನೂ ಬಲವಾಯಿತು. ೨೦೨೨, ೨೦೨೩, ೨೦೨೪ ಈ ಮೂರು ವರ್ಷಗಳಲ್ಲಿಯೂ ಕೊಂಡುದು ವರ್ಷಕ್ಕೆ ೧,೦೦೦ ಟನ್ನುಗಳಿಗೂ ಹೆಚ್ಚು. ರಿಸರ್ವ್ ಬ್ಯಾಂಕಿನ ಸಂಗ್ರಹವು ೨೦೨೫ರ ಮಾರ್ಚಿಯ ಕೊನೆಗೆ ಸುಮಾರು ೮೮೦ ಟನ್ನುಗಳಾಗಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದೊಳಗೇ ಇತ್ತು. ೨೦೨೫ರ ಅಕ್ಟೋಬರಿನಲ್ಲಿ ಬೆಲೆಯು ಔನ್ಸಿಗೆ ೪,೦೦೦ ಡಾಲರುಗಳನ್ನು ದಾಟಿತು.

ಈ ಎಲ್ಲ ಸಂಗತಿಗಳಿಂದ ನಿಷ್ಪನ್ನವಾಗುವುದಿಷ್ಟು. ಮೀಸಲು ಚಿನ್ನವು ನಿಶ್ಚಲವಾಗಿರುವಾಗ ಬೆಲೆಗೆ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಮಾರಾಟವು ಅದನ್ನು ಒಮ್ಮೆ ಚಲಿಸುವಂತೆ ಮಾಡಿ ಅಲ್ಲಿಗೇ ನಿಲ್ಲುತ್ತದೆ. ಪ್ರಕಟನೆಯು ಚಿನ್ನ ಚಲಿಸುವುದಕ್ಕೆ ಮೊದಲೇ ಬೆಲೆಯನ್ನು ಚಲಿಸುತ್ತದೆ. ಎರವಲೂ ವಾಯಿದೆಯೂ ಮಾತ್ರ ಎರಡು ಬಾರಿ ಚಲಿಸುತ್ತವೆ: ಮೊದಲು ಕೆಳಕ್ಕೆ, ಆಮೇಲೆ ಮೇಲಕ್ಕೆ. ಮೊದಲನೆಯ ಚಲನೆಯ ಲಾಭವನ್ನು ಉಂಡವರೂ ಎರಡನೆಯದರ ನಷ್ಟವನ್ನು ತೆತ್ತವರೂ ಯಾವಾಗಲೂ ಒಬ್ಬರೇ ಆಗಿರುವುದಿಲ್ಲ. ಆದುದರಿಂದ ಒಂದು ದೇಶದ ಮೀಸಲು ಚಿನ್ನದ ಲೆಕ್ಕವನ್ನು ಓದುವವರು, ಎಷ್ಟು ಟನ್ನು ಇದೆ ಎಂದು ಕೇಳಿ ಸುಮ್ಮನಾಗಬಾರದು. ಎಷ್ಟು ತಿಜೋರಿಯಲ್ಲಿದೆ, ಎಷ್ಟು ಎರವಲಾಗಿ ಹೋಗಿದೆ, ಹೋದುದು ಎಂದು ಹಿಂದಿರುಗುವುದು ಎಂಬುದನ್ನೂ ಕೇಳತಕ್ಕದ್ದು.